ಪುದುಚೇರಿಯ ಗಾಳಿಗೆ ನಮ್ಮ ಕಣ ಯಾಕೆ ನೆನೆಯಿತು?

ಕೊಡಗಿನ ಗೋಣಿಕೊಪ್ಪದಲ್ಲಿ ಕಾಫಿ ಬೆಳೆಗಾರರು ಮತ್ತು ಹೈಸ್ಕೂಲು ಮಕ್ಕಳ ಎದುರು ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

2024ರ ಡಿಸೆಂಬರ್ ಮೊದಲ ವಾರ ನಿಮಗೆಲ್ಲ ನೆನಪಿರಬೇಕು. ಅರೇಬಿಕಾ ಕೊಯ್ಲಿನ ಸಮಯ. ಕಾಫಿ ಒಣಗಿಸುವ ನಮ್ಮ ಕಣದಲ್ಲಿ ಮೂರು ದಿನದ ಹಣ್ಣು ಹರಡಿತ್ತು. ರಾತ್ರಿ ಊಟ ಮುಗಿಸಿ ಮಲಗುವ ಹೊತ್ತಿಗೆ ಹೆಂಚಿನ ಮೇಲೆ ಹನಿ ಬಿದ್ದ ಸದ್ದು. ನಾನು, ನನ್ನ ತಮ್ಮ, ಲೈನ್ ಮನೆಯಿಂದ ಓಡಿ ಬಂದ ಇಬ್ಬರು, ಟಾರ್ಚ್ ಬೆಳಕಲ್ಲಿ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಎಳೆದೆವು. ಬೆಳಗ್ಗೆ ಅದರ ಒಂದು ಮೂಲೆ ಎತ್ತಿದಾಗ ಮುಖಕ್ಕೆ ಬಿಸಿ ಹಬೆ ಬಡಿಯಿತು, ಜೊತೆಗೆ ಹುಳಿ ವಾಸನೆ. ರಾಶಿಯೊಳಗೆ ಕೈ ಹಾಕಿದರೆ ಬೆಚ್ಚಗೆ. ಆಮೇಲೂ ಬಿಸಿಲು ಬರಲಿಲ್ಲ. ಹಣ್ಣಿನ ಮೇಲೆ ಬಿಳಿ ಬೂಸ್ಟು ಹತ್ತಿತು.

'ಸೈಕ್ಲೋನ್ ಮಳೆ ಟೀಚರ್, ಏನು ಮಾಡೋದು' ಅಂದರು ಕೆಲಸದವರು. ಹೌದು, ಅದು ಫೆಂಗಲ್ ಚಂಡಮಾರುತದ ಮಳೆ. ನವೆಂಬರ್ 30ರ ರಾತ್ರಿ ಅದು ನೆಲ ಮುಟ್ಟಿದ್ದು ಪುದುಚೇರಿ ಹತ್ತಿರ. ಅಲ್ಲಿಂದ ಇಲ್ಲಿಗೆ ಹಕ್ಕಿ ಹಾರಿದರೂ 400 ಕಿಲೋಮೀಟರಿಗಿಂತ ಜಾಸ್ತಿ. ಅಲ್ಲಿ ಬೀಸಿದ ಗಾಳಿಗೆ ನಮ್ಮ ಕಣ ಯಾಕೆ ನೆನೆಯಬೇಕು? ಈ ಪ್ರಶ್ನೆ ಹಿಡಿದು ಹೊರಟರೆ ಚಂಡಮಾರುತ ಹುಟ್ಟುವ, ಬಲಿಯುವ, ಸೊರಗುವ ಕಥೆಯೆಲ್ಲ ಸಿಗುತ್ತದೆ. ಇವತ್ತು ಆ ಕಥೆ ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಅಮೆರಿಕದ ಕಡೆ ಹರಿಕೇನ್ ಅನ್ನುತ್ತಾರೆ, ಜಪಾನ್, ಫಿಲಿಪೈನ್ಸ್ ಕಡೆ ಟೈಫೂನ್, ನಮ್ಮಲ್ಲಿ ಸೈಕ್ಲೋನ್. ಮೂರೂ ಒಂದೇ. ಸೈಕ್ಲೋನ್ ಅನ್ನುವ ಪದ ಹುಟ್ಟಿದ್ದು ನಮ್ಮ ಕೋಲ್ಕತ್ತದಲ್ಲೇ. ಹೆನ್ರಿ ಪಿಡಿಂಗ್ಟನ್ ಎಂಬುವರು 1848ರಲ್ಲಿ, ಹಾವಿನ ಸುರುಳಿ ಎಂಬ ಅರ್ಥದ ಗ್ರೀಕ್ ಪದದಿಂದ ಅದನ್ನು ಕಟ್ಟಿದರು.

ಈಗ ಅಡುಗೆಮನೆಗೆ ಬನ್ನಿ. ಕಡಂಬುಟ್ಟು ಬೇಯಿಸುವ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈ ಸುಟ್ಟುಕೊಳ್ಳದವರು ಇಲ್ಲಿ ಯಾರಿದ್ದೀರಿ? ಕುದಿಯುವ ನೀರು ತಾಗಿದ್ದಕ್ಕಿಂತ ಹಬೆ ತಾಗಿದರೆ ಉರಿ ಜಾಸ್ತಿ, ಅಲ್ವಾ? ನೀರು ಹಬೆಯಾಗುವಾಗ ತುಂಬಾ ಶಾಖವನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಹಬೆ ನಿಮ್ಮ ಚರ್ಮಕ್ಕೆ ತಾಗಿ ಮತ್ತೆ ನೀರಾಗುವಾಗ, ಎಳೆದುಕೊಂಡದ್ದನ್ನೆಲ್ಲ ಒಟ್ಟಿಗೆ ಅಲ್ಲೇ ಬಿಡುತ್ತದೆ. ಅದಕ್ಕೇ ಅಷ್ಟು ಉರಿ.

ಸಮುದ್ರದ ಮೇಲೆ ನಡೆಯುವುದೂ ಇದೇ. ಬಿಸಿಲಿಗೆ ಕಾದ ಕಡಲಿನಿಂದ ನೀರು ಆವಿಯಾಗಿ ಗಾಳಿ ಸೇರುತ್ತದೆ. ಆ ಗಾಳಿ ಮೇಲೇರುತ್ತಾ ತಣ್ಣಗಾಗುತ್ತದೆ, ಆವಿ ಹನಿಯಾಗುತ್ತದೆ, ಮೋಡ ಕಟ್ಟುತ್ತದೆ. ಆಗ ಒಳಗಿದ್ದ ಶಾಖ ಹೊರಬರುತ್ತದೆ. ಸುತ್ತಲಿನ ಗಾಳಿ ಬೆಚ್ಚಗಾಗಿ ಇನ್ನಷ್ಟು ಮೇಲೇರುತ್ತದೆ. ಕೆಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಟಿವಿಯಲ್ಲಿ 'ವಾಯುಭಾರ ಕುಸಿತ' ಅನ್ನುತ್ತಾರಲ್ಲ, ಅದು ಇದೇ. ಒತ್ತಡ ಕಡಿಮೆಯಾದ ಕಡೆಗೆ ಸುತ್ತಲಿಂದ ಗಾಳಿ ನುಗ್ಗುತ್ತದೆ, ಬರುವಾಗ ಕಡಲಿನಿಂದ ಇನ್ನಷ್ಟು ಆವಿ ಹೊತ್ತು ತರುತ್ತದೆ. ಒಲೆ ತಾನೇ ತನ್ನ ಸೌದೆ ಎಳೆದುಕೊಂಡ ಹಾಗೆ.

ಈ ಶಾಖ ಎಷ್ಟು ಅಂತ ನಮ್ಮ ಲೆಕ್ಕದಲ್ಲೇ ನೋಡೋಣ. ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಅಳೆದು ಪುಸ್ತಕದಲ್ಲಿ ಬರೆದಿಡುವ ಮನೆಗಳು ಬೇಕಾದಷ್ಟಿವೆ. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ಅಷ್ಟು ನೀರು ಆವಿಯಿಂದ ಹನಿಯಾಗುವಾಗ ಬಿಟ್ಟ ಶಾಖದಲ್ಲಿ ಸುಮಾರು 7 ಲಕ್ಷ ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ಒಂದೇ ಎಕರೆ, ಒಂದೇ ಇಂಚು! ಚಂಡಮಾರುತದ ಮಳೆ ಬೀಳುವುದು ನೂರಾರು ಕಿಲೋಮೀಟರ್ ಅಗಲಕ್ಕೆ. ರೇನ್‌ಗೇಜಿನ ನೀರನ್ನು ಅಳೆದು ಚೆಲ್ಲುವಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ಮೇಲೆ ಎಷ್ಟು ದೊಡ್ಡ ಒಲೆ ಉರಿದಿರಬೇಕು!

ಆದರೆ ಬರೀ ಶಾಖ ಇದ್ದರೆ ಗುಡುಗು ಮಳೆ ಬರುತ್ತದೆ, ಚಂಡಮಾರುತ ಆಗುವುದಿಲ್ಲ. ಗಾಳಿ ಸುತ್ತಬೇಕು. ಭೂಮಿ ತಿರುಗುವುದರಿಂದ ನಮ್ಮ ಉತ್ತರಾರ್ಧದಲ್ಲಿ ಚಲಿಸುವ ಗಾಳಿ ಬಲಕ್ಕೆ ವಾಲುತ್ತದೆ. ನಡುವಿಗೆ ನುಗ್ಗುವ ಗಾಳಿಗಳೆಲ್ಲ ಹೀಗೆ ಗುರಿ ತಪ್ಪಿದರೆ, ಒಟ್ಟು ಗಾಳಿ ನಡುವನ್ನು ಬಳಸಿಕೊಂಡು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತತೊಡಗುತ್ತದೆ. ಸಮಭಾಜಕದ ಹತ್ತಿರ ಈ ವಾಲುವಿಕೆ ತೀರಾ ಕಡಿಮೆ. ಹಾಗಾಗಿ ಸುಮಾರು 5 ಡಿಗ್ರಿ ಅಕ್ಷಾಂಶದ ಒಳಗೆ, ಕಡಲು ಎಷ್ಟೇ ಕಾದಿದ್ದರೂ, ಚಂಡಮಾರುತ ಹುಟ್ಟುವುದು ಬಹಳ ಅಪರೂಪ.

ಸುತ್ತು ಬಲವಾದಂತೆ ನಡುವೆ ಒಂದು ಕಣ್ಣು ಮೂಡುತ್ತದೆ. ಅಲ್ಲಿ ಗಾಳಿ ಮೇಲಿಂದ ಮೆಲ್ಲಗೆ ಇಳಿಯುತ್ತದೆ, ಬೆಚ್ಚಗಿರುತ್ತದೆ, ಮೋಡ ಕಡಿಮೆ. ಅದನ್ನು ಸುತ್ತುವರಿದ ಮೋಡದ ಗೋಡೆಯಲ್ಲಿ ಗಾಳಿಯೂ ಮಳೆಯೂ ಅತಿ ಜೋರು. 1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪ್ ಹತ್ತಿರ ಅಪ್ಪಳಿಸಿದ ಸೂಪರ್ ಸೈಕ್ಲೋನಿನ ನಡುವೆ ಒತ್ತಡ 912 ಹೆಕ್ಟೋಪಾಸ್ಕಲ್‌ಗೆ ಇಳಿದಿತ್ತು ಎಂದು ಅಂದಾಜು. ಸಮುದ್ರ ಮಟ್ಟದಲ್ಲಿ ಮಾಮೂಲಿ ಒತ್ತಡ 1010ರ ಆಸುಪಾಸು. ಸುಮ್ನೆ ಅಂಕಿ ಹೇಳಿದರೆ ಏನೂ ಅನ್ನಿಸುವುದಿಲ್ಲ. ವಿರಾಜಪೇಟೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಹತ್ತಿದ್ದರಿಂದ ಅಲ್ಲಿ ದಿನಾ ಇರುವ ಒತ್ತಡ ಸರಿಸುಮಾರು ಅಷ್ಟೇ. ಅಂದರೆ ಮಾಕುಟ್ಟ ಘಾಟಿ ಹತ್ತಿ ಬಂದರೆ ಸಿಗುವ ತೆಳು ಗಾಳಿ ಆ ದಿನ ಕಡಲ ಮಟ್ಟಕ್ಕೇ ಇಳಿದು ಕೂತಿತ್ತು. ಸುತ್ತಲಿನ ಗಾಳಿ ಆ ಗುಂಡಿಗೆ ನುಗ್ಗಿತು. ಸುಮಾರು 10,000 ಜನ ಸತ್ತರು. ಆಗ ನಾನು ಕ್ಲಾಸಿನಲ್ಲಿ ಇದೇ ಪಾಠ ಮಾಡುತ್ತಿದ್ದೆ. ಪುಸ್ತಕದಲ್ಲಿ ಅದು ಅರ್ಧ ಪುಟ. ಆ ವಾರದ ಪತ್ರಿಕೆಯ ಫೋಟೋಗಳನ್ನು ಮಕ್ಕಳಿಗೆ ತೋರಿಸಲು ನನಗೆ ಕೈ ಬರಲಿಲ್ಲ.

ಹುಟ್ಟಿದ್ದೆಲ್ಲ ಅಷ್ಟು ದೊಡ್ಡದಾಗುವುದಿಲ್ಲ. ನಮ್ಮ ಹವಾಮಾನ ಇಲಾಖೆ ಗಾಳಿಯ ವೇಗ ನೋಡಿ ದರ್ಜೆ ಕೊಡುತ್ತದೆ. ಗಂಟೆಗೆ 62 ಕಿಲೋಮೀಟರ್ ದಾಟಿದರೆ ಅದು ಚಂಡಮಾರುತ, ಆಗ ಹೆಸರು ಸಿಗುತ್ತದೆ. 89ಕ್ಕೆ ತೀವ್ರ, 118ಕ್ಕೆ ಅತಿ ತೀವ್ರ. ಹೀಗೇ ಏರುತ್ತಾ 222ಕ್ಕೆ ಸೂಪರ್ ಸೈಕ್ಲೋನ್. ಹೆಚ್ಚಿನ ವಾಯುಭಾರ ಕುಸಿತಗಳು ಹೆಸರು ಪಡೆಯುವ ಮೊದಲೇ ಕರಗಿಹೋಗುತ್ತವೆ.

ಹಾಗಾದರೆ ಒಂದು ಬಲಿಯುವುದು, ಇನ್ನೊಂದು ಸೊರಗುವುದು ಯಾಕೆ?

ಮೊದಲನೆಯದು ಕಡಲಿನ ಕಾವು. ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಇದನ್ನು ಎಲ್ಲರೂ ಹೇಳುತ್ತಾರೆ. ಆ ಕಾವು ಎಷ್ಟು ಆಳಕ್ಕೆ ಇದೆ ಅನ್ನುವುದೂ ಅಷ್ಟೇ ಮುಖ್ಯ. ಚಂಡಮಾರುತದ ಗಾಳಿ ಕಡಲನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ಬೆಚ್ಚಗಿನ ಪದರ ತೆಳುವಾಗಿದ್ದರೆ ಕೆಳಗಿನ ತಣ್ಣೀರು ಮೇಲೆ ಬರುತ್ತದೆ, ಚಂಡಮಾರುತ ತನ್ನ ಒಲೆಗೆ ತಾನೇ ನೀರು ಹೊಯ್ದುಕೊಳ್ಳುತ್ತದೆ. ಒಂದೇ ಜಾಗದಲ್ಲಿ ನಿಂತರೆ ಬೇಗ ಸೊರಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಇನ್ನೊಂದು ವಿಶೇಷವಿದೆ. ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ ಎಲ್ಲ ಸಿಹಿನೀರು ತಂದು ಸುರಿಯುತ್ತವೆ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಕೆನೆಯ ಹಾಗೆ ನಿಲ್ಲುತ್ತದೆ. ಅದನ್ನು ಕಡೆದು ಕೆಳಗಿನ ತಣ್ಣೀರು ಮೇಲೆತ್ತುವುದು ಗಾಳಿಗೆ ಕಷ್ಟ. ಹಾಗಾಗಿ ಮಳೆಗಾಲ ಮುಗಿದ ಮೇಲೂ ಕೊಲ್ಲಿಯ ಮೇಲ್ಪದರದ ಕಾವು ಬೇಗ ಆರುವುದಿಲ್ಲ. ನಮ್ಮ ಕಾವೇರಿಯೂ ಸೇರುವುದು ಅದೇ ಕೊಲ್ಲಿಗೆ.

ಎರಡನೆಯದು ಮೇಲಿನ ಗಾಳಿ. ಹಳೇ ಮನೆಗಳಲ್ಲಿ ಸೌದೆ ಒಲೆಯ ಮೇಲೆ ಹೊಗೆಗೂಡು ಇರುತ್ತದೆ. ಅದು ನೆಟ್ಟಗಿದ್ದರೆ ಒಲೆ ಚೆನ್ನಾಗಿ ಉರಿಯುತ್ತದೆ. ಚಂಡಮಾರುತವೂ ಒಂದು ಹೊಗೆಗೂಡು, 12-15 ಕಿಲೋಮೀಟರ್ ಎತ್ತರದ್ದು. ಕೆಳಗೆ ಒಂದು ದಿಕ್ಕಿನ ಗಾಳಿ, ಮೇಲೆ ಇನ್ನೊಂದು ದಿಕ್ಕಿನ ಗಾಳಿ ಜೋರಾಗಿದ್ದರೆ ಈ ಗೂಡು ವಾಲುತ್ತದೆ. ಬೆಚ್ಚಗಿನ ತಲೆ ಒಂದು ಕಡೆ, ಸುತ್ತುವ ಬುಡ ಇನ್ನೊಂದು ಕಡೆ. ಆಮೇಲೆ ಅದು ಬೆಳೆಯುವುದಿಲ್ಲ.

ಇಲ್ಲೇ ನಮ್ಮ ಕೊಡಗಿನ ಸಂಗತಿ ಬರುತ್ತದೆ. ಜುಲೈ ತಿಂಗಳು, ಕಕ್ಕಡದ ದಿನಗಳು. ಪಡುವಣ ಗಾಳಿ ಮರ ಉರುಳಿಸುತ್ತದೆ, ಕರೆಂಟ್ ವಾರಗಟ್ಟಲೆ ಇರುವುದಿಲ್ಲ, ಭಾಗಮಂಡಲದಲ್ಲಿ ನೀರು ರಸ್ತೆಗೆ ಬರುತ್ತದೆ. ಇಷ್ಟು ಗಾಳಿ ಮಳೆ ಇರುವಾಗ ಚಂಡಮಾರುತವೂ ಜಾಸ್ತಿ ಇರಬೇಕು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಜುಲೈ, ಆಗಸ್ಟ್‌ನಲ್ಲಿ ನಮ್ಮ ಕಡಲುಗಳಲ್ಲಿ ದೊಡ್ಡ ಚಂಡಮಾರುತ ಏಳುವುದೇ ಅಪರೂಪ. ಕೆಳಗೆ ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ, ಬಹಳ ಮೇಲೆ ಪೂರ್ವದಿಂದ ಅಷ್ಟೇ ಜೋರು ಗಾಳಿ ಹರಿಯುತ್ತಿರುತ್ತದೆ. ಎರಡರ ನಡುವೆ ಯಾವ ಹೊಗೆಗೂಡೂ ನೆಟ್ಟಗೆ ನಿಲ್ಲಲಾರದು. ನಮ್ಮ ಮನೆ ಹೆಂಚು ಹಾರಿಸುವ ಅದೇ ಗಾಳಿ, ಕಡಲಿನಲ್ಲಿ ಚಂಡಮಾರುತದ ಕುತ್ತಿಗೆ ಮುರಿಯುತ್ತಿರುತ್ತದೆ. ಮುಂಗಾರಿಗೆ ಮುಂಚಿನ ಏಪ್ರಿಲ್-ಜೂನ್ ಮತ್ತು ಅದು ಹಿಂತಿರುಗುವ ಅಕ್ಟೋಬರ್-ಡಿಸೆಂಬರ್, ಈ ಎರಡು ಸಂದಿಯಲ್ಲೇ ನಮ್ಮಲ್ಲಿ ಚಂಡಮಾರುತ ಏಳುವುದು. ಎರಡನೇ ಸಂದಿಗೆ ಸರಿಯಾಗಿ ನಮ್ಮ ಪುತ್ತರಿ ಹಬ್ಬ, ನಮ್ಮ ಭತ್ತದ ಕೊಯ್ಲು, ನಮ್ಮ ಅರೇಬಿಕಾ.

ಮೂರನೆಯದು ಸುತ್ತಲಿನ ಗಾಳಿಯ ಪಸೆ. ಮರುಭೂಮಿ ಕಡೆಯಿಂದ ಒಣಗಾಳಿ ಒಳಸೇರಿದರೆ ಮೋಡ ಕರಗುತ್ತದೆ. ನೆಲಕ್ಕೆ ಬಂದರೆ ಅಂತೂ ಸೌದೆಯೇ ಮುಗಿಯಿತು, ಕೆಳಗೆ ಕಡಲಿಲ್ಲ. ಮೇಲಿಂದ ಕಾಡು, ಗುಡ್ಡ, ಊರುಗಳ ತಡೆ ಬೇರೆ.

ಈ ಮೂರೂ ಒಟ್ಟಿಗೆ ಕೂಡಿ ಬಂದರೆ ಭಯವಾಗುವಂಥದ್ದು ನಡೆಯುತ್ತದೆ. 24 ಗಂಟೆಯಲ್ಲಿ ಗಾಳಿಯ ವೇಗ ಗಂಟೆಗೆ 55 ಕಿಲೋಮೀಟರ್‌ನಷ್ಟು ಏರಿದರೆ ಅದನ್ನು ದಿಢೀರ್ ಬಲಿಯುವುದು ಎಂದು ಲೆಕ್ಕ ಹಾಕುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಅಕಾಪುಲ್ಕೋ ಊರಿಗೆ ಬಂದ ಓಟಿಸ್, ಒಂದೇ ದಿನದಲ್ಲಿ ಅದರ ಮೂರು ಪಟ್ಟು ಏರಿತು. ಹಿಂದಿನ ದಿನ ಸಾಧಾರಣ ಬಿರುಗಾಳಿ ಅಂದುಕೊಂಡು ಮಲಗಲು ಹೊರಟ ಊರಿಗೆ, ರಾತ್ರಿ ಅತಿ ಮೇಲಿನ ದರ್ಜೆಯ ಹರಿಕೇನ್ ಬಡಿಯಿತು. ನಮ್ಮ ಹತ್ತಿರದ್ದೇ ಹೇಳಬೇಕೆಂದರೆ ಓಖಿ. 2017ರ ನವೆಂಬರ್ 29ಕ್ಕೆ ಅದು ಬರೀ ವಾಯುಭಾರ ಕುಸಿತ. ಮರುದಿನ ಬೆಳಗ್ಗೆ ಕನ್ಯಾಕುಮಾರಿ ಹತ್ತಿರ ಚಂಡಮಾರುತ. ಅಷ್ಟರಲ್ಲಿ ಕೇರಳ, ತಮಿಳುನಾಡಿನ ದೋಣಿಗಳು ಆಳ ಕಡಲಿಗೆ ಹೋಗಿಯಾಗಿತ್ತು. ನೂರಾರು ಮೀನುಗಾರರು ತಿರುಗಿ ಬರಲಿಲ್ಲ. ಅದೇ ಓಖಿ ಅರಬ್ಬಿ ಸಮುದ್ರದಲ್ಲಿ ಇನ್ನೂ ಬಲಿತು, ಗುಜರಾತ್ ಕಡೆ ಹೋಗುವಾಗ ತಣ್ಣೀರು ಮತ್ತು ಮೇಲಿನ ಗಾಳಿಗೆ ಸಿಕ್ಕಿ ಸೊರಗಿಹೋಯಿತು.

ಚಂಡಮಾರುತ ಎಲ್ಲಿಗೆ ಹೋಗುತ್ತದೆ ಎಂದು ಹೇಳುವುದರಲ್ಲಿ ಹವಾಮಾನ ಇಲಾಖೆ ಈಗ ತುಂಬಾ ಮುಂದೆ ಬಂದಿದೆ. 2013ರಲ್ಲಿ ಫೈಲಿನ್ ಬರುವ ಮೊದಲೇ ಒಡಿಶಾ, ಆಂಧ್ರದಲ್ಲಿ ಸುಮಾರು 10 ಲಕ್ಷ ಜನರನ್ನು ಬೇರೆಡೆಗೆ ಸಾಗಿಸಿದರು. 1999ರ ಹಾಗೆ ಸಾವಿರಗಟ್ಟಲೆ ಜೀವ ಹೋಗಲಿಲ್ಲ. ಎಷ್ಟು ಬಲಿಯುತ್ತದೆ ಎಂದು ಹೇಳುವುದು ಮಾತ್ರ ಇವತ್ತಿಗೂ ಕಷ್ಟ. ದಾರಿಯನ್ನು ತೀರ್ಮಾನಿಸುವುದು ಸುತ್ತಲಿನ ದೊಡ್ಡ ಗಾಳಿಗಳು, ಅವನ್ನು ದೂರದಿಂದಲೇ ಅಳೆಯಬಹುದು. ಬಲ ತೀರ್ಮಾನವಾಗುವುದು ಕಣ್ಣಿನ ಸುತ್ತ ಕೆಲವೇ ಹತ್ತು ಕಿಲೋಮೀಟರ್ ಒಳಗೆ. ಅಮೆರಿಕದಲ್ಲಿ ಹರಿಕೇನ್ ಒಳಗೇ ವಿಮಾನ ನುಗ್ಗಿಸಿ ಅಳೆಯುತ್ತಾರೆ. ನಮ್ಮ ಕಡಲುಗಳಲ್ಲಿ ಹೆಚ್ಚಾಗಿ ಉಪಗ್ರಹದ ಚಿತ್ರದಲ್ಲಿ ಮೋಡದ ಸುರುಳಿ ಹೇಗೆ ಬಿಗಿದಿದೆ ಎಂದು ನೋಡಿ ಗಾಳಿಯ ಬಲ ಅಂದಾಜು ಮಾಡುತ್ತಾರೆ. ಆ ವಿಧಾನ ಕೊಟ್ಟವರು ವರ್ನನ್ ಡ್ವೋರಾಕ್, 1970ರ ದಶಕದಲ್ಲಿ. ಬೇಯುತ್ತಿರುವ ಅನ್ನದ ಹದವನ್ನು ಮುಚ್ಚಳದ ಮೇಲಿನ ಹಬೆ ನೋಡಿ ಹೇಳಿದ ಹಾಗೆ. ಕೈ ಪಳಗಿದವರು ಸರಿಯಾಗೇ ಹೇಳುತ್ತಾರೆ, ಆದರೂ ಅದು ಅಂದಾಜು.

ಈಗ ಫೆಂಗಲ್‌ಗೆ ವಾಪಸ್ ಬರುತ್ತೇನೆ. ನಾನು ಇವತ್ತು ಬಂದದ್ದೇ ಈ ಮಾತು ಹೇಳಲು. ದರ್ಜೆಯ ಲೆಕ್ಕದಲ್ಲಿ ಫೆಂಗಲ್ ತೀರಾ ಕೆಳಗಿನದು, ಬರೀ 'ಚಂಡಮಾರುತ'. ಮುಂದೆ ತೀವ್ರ, ಅತಿ ತೀವ್ರ ಏನೂ ಇಲ್ಲ. 2019ರ ಕ್ಯಾರ್ ಅರಬ್ಬಿ ಸಮುದ್ರದಲ್ಲಿ ಸೂಪರ್ ಸೈಕ್ಲೋನ್ ಆಗಿತ್ತು. ಅದು ನೆಲಕ್ಕೆ ಅಪ್ಪಳಿಸದೆ ಕಡಲಿನಲ್ಲೇ ಸೊರಗಿತು. ಫೆಂಗಲ್ ಪುದುಚೇರಿ ಪಕ್ಕ ಗಂಟೆಗಟ್ಟಲೆ ಅಲುಗಾಡದೆ ನಿಂತಿತು. ಒಂದೇ ದಿನದಲ್ಲಿ ಆ ಊರಿಗೆ 40 ಸೆಂಟಿಮೀಟರಿಗೂ ಜಾಸ್ತಿ ಮಳೆ ಸುರಿಯಿತು, ನಮ್ಮ ಲೆಕ್ಕದಲ್ಲಿ 16 ಇಂಚಿಗೂ ಮೇಲೆ. ತಿರುವಣ್ಣಾಮಲೈಯಲ್ಲಿ ಬೆಟ್ಟ ಜಾರಿ ಏಳು ಜನ ಮಣ್ಣಿನಡಿ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಆಮೇಲೆ ಅದು ಗಾಳಿಯ ಬಲ ಕಳೆದುಕೊಂಡು, ತಮಿಳುನಾಡಿನ ಒಳನಾಡು ದಾಟಿ, ಕೇರಳ-ಕರ್ನಾಟಕದ ಕರಾವಳಿಯಾಚೆ ಅರಬ್ಬಿ ಸಮುದ್ರಕ್ಕೆ ಇಳಿಯಿತು. ನಮ್ಮನ್ನು ಹಾದು ಹೋಗುವಾಗ ಅದಕ್ಕೆ ಚಂಡಮಾರುತ ಎಂಬ ಪಟ್ಟವೂ ಇರಲಿಲ್ಲ. ಆದರೆ ಗಾಳಿ ಇಳಿದರೂ ಪಸೆ ಉಳಿದಿತ್ತು. ಪಸೆ ತುಂಬಿದ ಗಾಳಿಗೆ ನಮ್ಮ ಬೆಟ್ಟ ಎದುರಾದರೆ ಅದು ಮೇಲೇರಲೇಬೇಕು. ಏರಿದರೆ ತಣ್ಣಗಾಗಿ ಸುರಿಯಲೇಬೇಕು. ನಮ್ಮ ಕಣ ನೆನೆದದ್ದು ಹೀಗೆ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಸುದ್ದಿಯಲ್ಲಿ 'ದುರ್ಬಲಗೊಂಡಿದೆ' ಅಂದ ತಕ್ಷಣ ಟಾರ್ಪಾಲು ಮಡಚಿಡಬೇಡಿ. ಆ ಮಾತು ಗಾಳಿಯದ್ದು, ಮಳೆಯದ್ದಲ್ಲ. ಹವಾಮಾನ ಇಲಾಖೆ ಮಳೆಗೆಂದೇ ಬೇರೆ ಮುನ್ಸೂಚನೆ ಕೊಡುತ್ತದೆ, ಜಿಲ್ಲೆವಾರು ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ. ನಾವು ನೋಡಬೇಕಾದದ್ದು ಅದನ್ನು. ಎಷ್ಟು ನಿಧಾನವಾಗಿ ಸಾಗುತ್ತಿದೆ ಎಂದೂ ನೋಡಿ, ನಿಧಾನವಾದಷ್ಟೂ ಮಳೆ ಜಾಸ್ತಿ. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಜಾರಿದಾಗ ಯಾವ ಚಂಡಮಾರುತವೂ ಇರಲಿಲ್ಲ. ಒಡಿಶಾ ಕರಾವಳಿಯಲ್ಲಿ ಇದ್ದದ್ದು ಹೆಸರಿಲ್ಲದ ಒಂದು ವಾಯುಭಾರ ಕುಸಿತ. ಅದು ಅಲ್ಲಿಂದಲೇ ಮುಂಗಾರಿನ ಗಾಳಿಯನ್ನು ಬಿಗಿಯಾಗಿ ಎಳೆಯಿತು. ಮನೆ ಕಳೆದುಕೊಂಡವರು ಈ ಸಭೆಯಲ್ಲೂ ಇದ್ದೀರಿ. ನಿಮಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ.

ಇನ್ನು ಪ್ರಶ್ನೆಗಳು.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: 'ಮಿಸ್, ಅರಬ್ಬಿ ಸಮುದ್ರ ನಮಗೆ ಇಷ್ಟು ಹತ್ತಿರ ಇದೆ. ಅಲ್ಲಿಂದ ಚಂಡಮಾರುತ ನೇರ ನಮ್ಮ ಮೇಲೇ ಬಂದರೆ?'

ಒಳ್ಳೇ ಪ್ರಶ್ನೆ ಮಗಳೇ. ಅರಬ್ಬಿ ಸಮುದ್ರದಲ್ಲಿ ಎದ್ದವು ಹೆಚ್ಚಾಗಿ ಒಮಾನ್, ಯೆಮೆನ್ ಕಡೆಗೋ ಉತ್ತರಕ್ಕೆ ಗುಜರಾತ್ ಕಡೆಗೋ ಸಾಗುತ್ತವೆ. 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಗೆ ಸಮಾನಾಂತರವಾಗಿ ಮೇಲೆ ಹೋಗಿ, ಗುಜರಾತಿನ ಊನಾ ಹತ್ತಿರ ನೆಲ ಮುಟ್ಟಿತು. ಹೋಗುವಾಗ ಅಂಚಿನ ಮೋಡಗಳಿಂದ ನಮಗೂ ಗಾಳಿ ಮಳೆ ಕೊಟ್ಟಿತು. ಅರಬ್ಬಿ ಸಮುದ್ರ ಮೊದಲಿಗಿಂತ ಬೆಚ್ಚಗಾಗುತ್ತಿದೆ. ಅಲ್ಲಿ ಚಂಡಮಾರುತಗಳು ಹೆಚ್ಚುತ್ತಿರುವುದನ್ನು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ಆವಿ ಹೊರಬಲ್ಲದು. ಕಣ್ಣು ನಮ್ಮ ಮೇಲೆ ಹಾಯದಿದ್ದರೂ ಆ ಆವಿ ಬರಬಹುದು.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು: 'ಇಷ್ಟೆಲ್ಲ ವಿಜ್ಞಾನ ಇದೆಯಲ್ಲ ಟೀಚರ್, ಕಡಲಲ್ಲೇ ಅದನ್ನು ಮುರಿಯೋಕೆ ಆಗಲ್ವಾ?'

ಅಜ್ಜ, ಅದನ್ನೂ ಮಾಡಿ ನೋಡಿದ್ದಾರೆ. ಅಮೆರಿಕದವರು 1962ರಲ್ಲಿ ಸ್ಟಾರ್ಮ್‌ಫ್ಯೂರಿ ಎಂಬ ಯೋಜನೆ ಶುರು ಮಾಡಿದರು. ವಿಮಾನದಿಂದ ಹರಿಕೇನ್ ಮೋಡಕ್ಕೆ, ತಣ್ಣನೆ ಹನಿಗಳನ್ನು ಹೆಪ್ಪುಗಟ್ಟಿಸುವ ಸಿಲ್ವರ್ ಅಯೋಡೈಡ್ ಉದುರಿಸಿ, ಕಣ್ಣಿನ ಸುತ್ತ ಇನ್ನೊಂದು ದೊಡ್ಡ ಗೋಡೆ ಕಟ್ಟಿಸುವುದು, ಆಗ ಒಳಗಿನ ಗೋಡೆ ಸಡಿಲವಾಗಿ ಗಾಳಿ ಇಳಿಯುತ್ತದೆ ಎಂಬ ಲೆಕ್ಕ. 1969ರಲ್ಲಿ ಡೆಬ್ಬಿ ಎಂಬ ಹರಿಕೇನ್‌ಗೆ ಹಾಗೆ ಮಾಡಿದಾಗ ಗಾಳಿ ನಿಜವಾಗಿಯೂ ಕಡಿಮೆಯಾಯಿತು. ಎಲ್ಲರಿಗೂ ಆಸೆ ಹುಟ್ಟಿತು. ಆದರೆ ಮುಂದೆ ಒಂದೊಂದಾಗಿ ಅಳೆಯುತ್ತಾ ಹೋದಾಗ, ಯಾರೂ ಏನೂ ಉದುರಿಸದ ಹರಿಕೇನ್‌ಗಳೂ ಹಾಗೇ ಮಾಡುತ್ತವೆ ಎಂದು ಗೊತ್ತಾಯಿತು. ಬಲವಾಗಿ ಬೆಳೆದದ್ದು ಕೆಲವೊಮ್ಮೆ ಹೊರಗೆ ಹೊಸ ಗೋಡೆ ಕಟ್ಟಿಕೊಳ್ಳುತ್ತದೆ, ಹಳೇ ಗೋಡೆ ಕರಗುತ್ತದೆ, ಗಾಳಿ ಸ್ವಲ್ಪ ಇಳಿಯುತ್ತದೆ. ಹೊಸ ಗೋಡೆ ಬಿಗಿಯಾದ ಮೇಲೆ ಮತ್ತೆ ಏರಬಹುದು. ಹಾವು ಪೊರೆ ಬಿಟ್ಟ ಹಾಗೆ. ಮೇಲಾಗಿ ಆ ಮೋಡಗಳಲ್ಲಿ ಸಿಲ್ವರ್ ಅಯೋಡೈಡ್ ಕೆಲಸ ಮಾಡಲು ಬೇಕಾದಷ್ಟು, ಹೆಪ್ಪುಗಟ್ಟದೆ ಉಳಿದ ತಣ್ಣನೆ ಹನಿಗಳೂ ಇರಲಿಲ್ಲ. 1983ರಲ್ಲಿ ಯೋಜನೆ ನಿಲ್ಲಿಸಿದರು. ಆದರೆ ಆ ವಿಮಾನಗಳು ವರ್ಷಗಟ್ಟಲೆ ಕಣ್ಣಿನೊಳಗೆ ಹೋಗಿ ತಂದ ಅಳತೆಗಳು ಉಳಿದವು. ಗೋಡೆ ಬದಲಾಗುವ ಈ ಸಂಗತಿ ಇಷ್ಟು ವಿವರವಾಗಿ ನಮಗೆ ತಿಳಿದದ್ದರಲ್ಲಿ ಆ ಅಳತೆಗಳ ಪಾಲು ದೊಡ್ಡದು.